ಜಾತಿ ಪತ್ರ ಕೇಳದ ಸಂಘ

ಕಲ್ಲಿನ ಧೂಳು ಮೆತ್ತಿದ ಪ್ಲಾಸ್ಟಿಕ್ ಕುರ್ಚಿಯನ್ನು ದುಪಟ್ಟಾದಿಂದ ಒರೆಸಿ ನನ್ನ ಮುಂದಿಟ್ಟವಳು ಮನೆಯ ಮಗಳು. ಶೆಡ್ಡಿನೊಳಗೆ ಅವಳಪ್ಪ ಅರ್ಧ ಮೂಡಿದ ಗಣಪತಿಯ ಸೊಂಡಿಲ ಮೇಲೆ ಉಳಿ ಆಡಿಸುತ್ತಿದ್ದರು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರೆಂದು ಯಾರಿಗೂ ಹೇಳಬೇಕಾಗಿಲ್ಲ. ನಾನೂ ಕಲ್ಲಿನ ಕೆಲಸದ ಬಗ್ಗೆ ಬರೆಯಲೆಂದೇ ಹೋಗಿದ್ದೆ. ಆದರೆ ಬೆಂಗಳೂರಿನ ಕಾಲೇಜಿನಿಂದ ರಜೆಗೆ ಬಂದಿದ್ದ ಈ ಹುಡುಗಿ ತಾನು ಸೇರಿದ ಕನ್ನಡ ಸಂಘದ ಮಾತು ತೆಗೆದಳು. ಆಮೇಲೆ ನನ್ನ ನೋಟ್‌ಬುಕ್ಕಿನಲ್ಲಿ ಕಲ್ಲಿನ ವಿಷಯ ಮುಂದುವರಿಯಲೇ ಇಲ್ಲ.

ಅವಳಪ್ಪ ವಿಶ್ವಕರ್ಮರಲ್ಲ. ಈ ಊರಲ್ಲಿ ಆಚಾರಿಗಳ ಮನೆಯ ವಿದ್ಯೆ ಬೇರೆಯವರ ಕೈಗೂ ದಾಟಿದೆ. ಹುಡುಗನಾಗಿದ್ದಾಗ ಒಬ್ಬ ಆಚಾರಿಗಳ ಶೆಡ್ಡಿಗೆ ನೀರು ಹೊರಲು ಹೋದವರು ಉಳಿ ಹರಿತ ಮಾಡುತ್ತಾ, ಕಲ್ಲು ಉಜ್ಜುತ್ತಾ, ಪೀಠ ಕಡೆಯುತ್ತಾ ಕೊನೆಗೆ ದೇವರ ಮುಖಕ್ಕೆ ಬಂದರು. “ನೀನು ಯಾರ ಪೈಕಿ ಅಂತ ನಮ್ಮ ಗುರುಗಳು ಒಂದಿನಾನೂ ಕೇಳ್ಲಿಲ್ಲ ಸಾರ್. ಕೈ ನೋಡಿದ್ರು, ಅಷ್ಟೇ.”

ಮಗಳಿಗೆ ಬೆಂಗಳೂರಿನಲ್ಲಿ ಸೀಟು ಸಿಕ್ಕಾಗ ಮಾತ್ರ ಎಲ್ಲರೂ ಕೇಳಿದ್ದು ಅದನ್ನೇ. ಈ ಹಾಸ್ಟೆಲ್ ಅವರದು, ಆ ಹಾಸ್ಟೆಲ್ ಇವರದು. ಕೊನೆಗೆ ಸಿಕ್ಕ ಬಿಸಿಎಂ ಹಾಸ್ಟೆಲ್ಲಿನ ಅರ್ಜಿಗೂ ಜಾತಿ ಪ್ರಮಾಣಪತ್ರ ಲಗತ್ತಿಸಬೇಕಿತ್ತು.

ಹಾಗೆಂದು ಸಮುದಾಯದ ಹಾಸ್ಟೆಲ್ಲುಗಳನ್ನು ಬೈಯಲು ನನಗೆ ಮನಸ್ಸಿಲ್ಲ. ಹಿಂದೆ ಓದುವ ಹುಡುಗರಿಗೆ ವಾರಕ್ಕೊಂದು ದಿನ ಊಟ ಹಾಕುತ್ತಿದ್ದ ವಾರಾನ್ನದ ಮನೆಗಳು ಎಲ್ಲ ಜಾತಿಯ ಹುಡುಗರಿಗೂ ಎಲೆ ಹಾಕುತ್ತಿರಲಿಲ್ಲ. ಹಳ್ಳಿಯಿಂದ ಬಂದವನಿಗೆ ಬಾಡಿಗೆಗೆ ಕೋಣೆಯೂ ಸುಲಭವಾಗಿ ಸಿಗುತ್ತಿರಲಿಲ್ಲ. 1906ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಅದರ ಹಿಂದೆಮುಂದೆ ಲಿಂಗಾಯತರ, ಮುಸ್ಲಿಮರ ಸಂಘಗಳೂ ಬಂದವು. ಎಲ್ಲಕ್ಕೂ ಮುಖ್ಯ ಚಿಂತೆ ಮಕ್ಕಳ ಓದೇ. ಅದೇ 1906ರ ಡಿಸೆಂಬರ್ 4ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಏಳು ಮಂದಿ ಕಪ್ಪು ವಿದ್ಯಾರ್ಥಿಗಳು ಆಲ್ಫಾ ಫೈ ಆಲ್ಫಾ ಎಂಬ ಫ್ರೆಟರ್ನಿಟಿ, ಅಂದರೆ ಅಣ್ಣತಮ್ಮಂದಿರ ಕೂಟ, ಕಟ್ಟಿದರು. ಬಿಳಿಯರ ಕೂಟಗಳಲ್ಲಿ ಅವರಿಗೆ ಜಾಗವಿರಲಿಲ್ಲ. 1908ರಲ್ಲಿ ಹಾವರ್ಡ್ ವಿಶ್ವವಿದ್ಯಾಲಯದ ಕಪ್ಪು ಹೆಣ್ಣುಮಕ್ಕಳು ಆಲ್ಫಾ ಕಪ್ಪಾ ಆಲ್ಫಾ ಸೊರಾರಿಟಿ, ಅಂದರೆ ಅಕ್ಕತಂಗಿಯರ ಕೂಟ, ತೆರೆದರು. ಕಮಲಾ ಹ್ಯಾರಿಸ್ ಮುಂದೆ ಸೇರಿದ್ದು ಅದನ್ನೇ. ದಕ್ಷಿಣ ಏಷ್ಯಾ ಮೂಲದ ಹುಡುಗಿಯರ ಡೆಲ್ಟಾ ಫೈ ಬೀಟಾ 1992ರಲ್ಲಿ ಬರ್ಕ್ಲಿಯಲ್ಲಿ ಶುರುವಾಯಿತು, ಹುಡುಗರ ಡೆಲ್ಟಾ ಎಪ್ಸಿಲಾನ್ ಸೈ 1998ರಲ್ಲಿ ಆಸ್ಟಿನ್‌ನಲ್ಲಿ. ಮನೆಯಿಂದ ದೂರ ಬಂದ ಮಕ್ಕಳಿಗೆ ಅಲ್ಲಿ ಅಕ್ಕ, ಅಣ್ಣ ಸಿಗುತ್ತಾರೆ, ಅದು ಸಣ್ಣ ಮಾತಲ್ಲ. ಆದರೆ ಸೇರುವವರನ್ನು ಗುಟ್ಟಾಗಿ ಸತಾಯಿಸುವ ಚಾಳಿ ಅಲ್ಲಿನ ಹಲವು ಕೂಟಗಳಿಗೆ ಅಂಟಿದೆ, ಪ್ರಾಣಗಳೂ ಹೋಗಿವೆ. ನಮ್ಮಲ್ಲಿ ರ್‍ಯಾಗಿಂಗನ್ನು 1983ರ ಕರ್ನಾಟಕ ಶಿಕ್ಷಣ ಕಾಯ್ದೆಯೇ ನಿಷೇಧಿಸಿತು. ನೋವು ಕೊಟ್ಟು ಒಡಹುಟ್ಟಿದವರನ್ನಾಗಿ ಮಾಡಬಹುದೆಂಬುದನ್ನು ನಾನು ನಂಬುವುದಿಲ್ಲ.

ಶಿವಾರಪಟ್ಟಣದ ಈ ಹುಡುಗಿ ಕನ್ನಡ ಸಂಘ ಸೇರಿದ್ದು ಹೇಗೆ? ಕಾರಿಡಾರಿನಲ್ಲಿ ಮೇಜು ಹಾಕಿ ಕೂತಿದ್ದ ಸೀನಿಯರ್ ಅಕ್ಕ ಹೆಸರು, ತರಗತಿ, ಫೋನ್ ನಂಬರ್ ಬರೆದುಕೊಂಡಳು. ವಾರದೊಳಗೆ ಊರಿನ ಬಗ್ಗೆ ಒಂದು ಪುಟ ಬರೆದು ತಂದು ಎಲ್ಲರೆದುರು ಓದಬೇಕು. ಇವಳು ಬರೆದದ್ದು ಅಪ್ಪನ ಉಳಿಗಳ ಬಗ್ಗೆ. ಓದುವಾಗ ಕಾಲು ನಡುಗಿತಂತೆ. ಮಾರನೆಯ ದಿನ ಪುಟ ಗೋಡೆ ಪತ್ರಿಕೆಯಲ್ಲಿತ್ತು. “ಅಕ್ಕ ಎರಡು ಕಾಗುಣಿತ ತಿದ್ದಿದ್ಲು ಸಾರ್. ಒಂದು ಮಾತೂ ಬದಲಾಯಿಸಿರ್ಲಿಲ್ಲ.”

ಇಂಥ ಸಂಘಗಳಿಗೆ ನೂರು ವರ್ಷದ ಬೇರಿದೆ. ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ಕರ್ಣಾಟಕ ಸಂಘದಿಂದಲೇ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಹೊರಟಿತು. 1972ರಲ್ಲಿ ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಆರಂಭಿಸಿದ ಕನ್ನಡ ಸಂಘ ಬೇಂದ್ರೆಯವರ ನೆನಪಿನಲ್ಲಿ ಕಾಲೇಜು ಮಕ್ಕಳಿಗೆ ಕವನ ಸ್ಪರ್ಧೆ ನಡೆಸಿತು; ಪುಸ್ತಕಗಳನ್ನಂತೂ ಸಾಲುಸಾಲಾಗಿ ತಂದಿತು.

ನನಗೆ ಬಹಳ ಇಷ್ಟವಾದ ಸಂಗತಿ ಇಲ್ಲಿದೆ. ಆ ಬೇಂದ್ರೆಯವರ ಮನೆಮಾತು ಮರಾಠಿ. ಸೆಂಟ್ರಲ್ ಕಾಲೇಜಿನ ಹುಡುಗರ ಕೈಯಲ್ಲಿ ಕನ್ನಡ ಬರೆಸಿದ ಜಿ.ಪಿ. ರಾಜರತ್ನಂ ಮನೆಯಲ್ಲಿ ತಮಿಳು. ಅದೇ ಕಾಲೇಜಿನಲ್ಲಿ ಭೂವಿಜ್ಞಾನ, ಅಂದರೆ ಕಲ್ಲಿನ ಶಾಸ್ತ್ರ, ಓದಿದ ನಿಸಾರ್ ಅಹಮದ್ ಮನೆಯಲ್ಲಿ ಉರ್ದು. ಇದೇ ಮಾಲೂರು ತಾಲ್ಲೂಕಿನ, 1983ರ ಜ್ಞಾನಪೀಠ ಪಡೆದ ಮಾಸ್ತಿಯವರ ಮನೆಮಾತೂ ತಮಿಳೇ. ಕನ್ನಡ ಸಂಘವೆಂದರೆ ಕನ್ನಡ ಮನೆಯಲ್ಲಿ ಹುಟ್ಟಿದವರ ಸಂಘ ಎಂದುಕೊಂಡವರು ಈ ಹೆಸರುಗಳನ್ನು ಒಮ್ಮೆ ಓದಿಕೊಳ್ಳಬೇಕು.

ಈ ಮಾತು ಹೇಳಿದ್ದೇ ಹುಡುಗಿ ನೆಟ್ಟಗೆ ಕೂತಳು. ಅವಳ ಹಾಸ್ಟೆಲ್ ಗೆಳತಿಯೊಬ್ಬಳು ಮುಳಬಾಗಿಲ ಕಡೆಯವಳು, ಮನೆಯಲ್ಲಿ ತೆಲುಗು. “ನಂದು ಕನ್ನಡ ಸರಿ ಇಲ್ಲ, ನಗ್ತಾರೆ” ಎಂದು ಸಂಘದ ಮೇಜಿನ ಹತ್ತಿರವೂ ಸುಳಿದಿರಲಿಲ್ಲ. ಗಡಿ ಜಿಲ್ಲೆಯ ಮಕ್ಕಳಿಗೆ ಬೆಂಗಳೂರಿನಲ್ಲಿ ಈ ಸಂಕೋಚ ಮೊದಲ ದಿನವೇ ಹತ್ತುತ್ತದೆ. ಮುಳಬಾಗಿಲು, ಶ್ರೀನಿವಾಸಪುರದ ಸಂತೆಯಲ್ಲಿ ಎರಡು ಭಾಷೆಯಲ್ಲಿ ಚೌಕಾಸಿ ಮಾಡುವ ಮಕ್ಕಳು ರಾಜಧಾನಿಯಲ್ಲಿ ಒಂದರಲ್ಲೂ ಬಾಯಿ ಬಿಡುವುದಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಶಿವಾರಪಟ್ಟಣದ ಹುಡುಗಿ ಬಿಡಲಿಲ್ಲ. ಅಜ್ಜಿ ಹೇಳುತ್ತಿದ್ದ ತೆಲುಗು ಒಗಟುಗಳನ್ನು ಕನ್ನಡದಲ್ಲಿ ಬರಿ ಎಂದು ಬೆನ್ನು ಹತ್ತಿದಳು. ಈಗ ಗೋಡೆ ಪತ್ರಿಕೆಯ ಮುಂದೆ ಉತ್ತರ ಬರೆಯಲು ಹುಡುಗರು ಮುಗಿಬೀಳುತ್ತಾರಂತೆ. ಉತ್ತರ ಹೇಳುವ ಹಕ್ಕು ಮಾತ್ರ ಮುಳಬಾಗಿಲವಳದೇ.

ಚಳಿಗಾಲದಲ್ಲಿ ಇಡೀ ಸಂಘ ಶಿವಾರಪಟ್ಟಣಕ್ಕೆ ಬರಲಿದೆ. ಮಾಲೂರಿನವರೆಗೆ ರೈಲು, ಅಲ್ಲಿಂದ ಬಸ್ಸು, ಮಧ್ಯಾಹ್ನಕ್ಕೆ ಮುದ್ದೆ, ಸೊಪ್ಪಿನ ಸಾರು. ಅಪ್ಪನದು ಒಂದೇ ಷರತ್ತು: ಬಂದವರೆಲ್ಲ ಉಳಿ ಹಿಡಿದು ತಮ್ಮ ಹೆಸರಿನ ಮೊದಲ ಅಕ್ಷರವನ್ನು ಕಲ್ಲಿನ ಚೂರಿನ ಮೇಲೆ ಕಡೆಯಬೇಕು. ಮಗಳು ಆಗಲೇ ಹೆಸರಿನ ಪಟ್ಟಿ ತಂದಿದ್ದಳು. ಅವರು ಕನ್ನಡಕ ಏರಿಸಿ ಒಂದೊಂದೇ ಅಕ್ಷರ ನೋಡುತ್ತಾ ಬಂದರು. ‘ರ’ ಸಲೀಸು, ‘ಗ’ ಪರವಾಗಿಲ್ಲ. ಒಂದು ಹೆಸರಿನ ಹತ್ತಿರ ಬೆರಳು ನಿಂತಿತು. “ಈ ‘ಕ್ಷ’ದ ಹುಡುಗಿ ಯಾರಮ್ಮ? ಹಿಂದಿನ ದಿನಾನೇ ಬಂದ್ಬಿಡೋಕೆ ಹೇಳು.”