ತಿಳಿದ ಪದ, ಆಡುವ ಪದ

ಪರಭಾಷೆಯನ್ನು ಕಲಿಯುವವರಲ್ಲಿ ಎರಡು ಬಗೆಯ ಪದಸಂಪತ್ತು ಇರುತ್ತದೆ. ಓದುವಾಗ, ಕೇಳುವಾಗ ಅರ್ಥವಾಗುವ ಪದಗಳು ಒಂದು ಬಗೆ. ಮಾತನಾಡುವಾಗ, ಬರೆಯುವಾಗ ತಾವಾಗಿಯೇ ಒದಗಿಬರುವ ಪದಗಳು ಇನ್ನೊಂದು ಬಗೆ. ಮೊದಲನೆಯದು ಬೇಗ ಬೆಳೆಯುತ್ತದೆ. ಎರಡನೆಯದಾದರೋ ಬಳಸಿದಷ್ಟೇ ಬೆಳೆಯುತ್ತದೆ. ಇಂಗ್ಲಿಷ್ ಪಾಠವನ್ನು ಸರಾಗವಾಗಿ ಓದಿ ತಿಳಿಯಬಲ್ಲ ವಿದ್ಯಾರ್ಥಿ, ನಾಲ್ಕು ವಾಕ್ಯ ಮಾತನಾಡಬೇಕಾದಾಗ ತಡವರಿಸುವುದು ಈ ಕಾರಣದಿಂದಲೇ ಹೊರತು ಬುದ್ಧಿಯ ಕೊರತೆಯಿಂದಲ್ಲ.

ಜರ್ಮನಿಯಲ್ಲಿ 1832ರಲ್ಲಿ ಜನಿಸಿದ ಫರ್ಡಿನಾಂಡ್ ಕಿಟ್ಟೆಲ್ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಭಾರತಕ್ಕೆ ಬಂದರು. ಧಾರವಾಡ-ಹುಬ್ಬಳ್ಳಿಯ ಸೀಮೆಯಲ್ಲಿ ಕನ್ನಡ ಕಲಿಯಲು ತೊಡಗಿದ ಅವರಿಗೆ ಎಂತಹ ತೊಡಕು ಎದುರಾಗಿರಬೇಕೆಂಬುದನ್ನು ಒಂದು ಉದಾಹರಣೆಯಿಂದ ಊಹಿಸಬಹುದು. ಕನ್ನಡಿಗರು ಸೀರೆಯನ್ನು ಉಡುತ್ತಾರೆ, ಕುಪ್ಪಸವನ್ನು ತೊಡುತ್ತಾರೆ, ಹೂವನ್ನು ಮುಡಿಯುತ್ತಾರೆ, ರುಮಾಲನ್ನು ಸುತ್ತುತ್ತಾರೆ, ಕಂಬಳಿಯನ್ನು ಹೊದೆಯುತ್ತಾರೆ, ಚಪ್ಪಲಿಯನ್ನು ಮೆಟ್ಟುತ್ತಾರೆ. ಜರ್ಮನ್ ಭಾಷೆಯಲ್ಲಿ ಉಡುಪು, ಒಡವೆ, ಪಾದರಕ್ಷೆಗಳಿಗೆಲ್ಲ ‘ಟ್ರಾಗನ್’ ಎಂಬ ಒಂದೇ ಕ್ರಿಯಾಪದ ಸಾಕು. ಹೊರೆಯನ್ನು ಹೊರುವುದಕ್ಕೂ ಅದೇ ಪದ! ಈ ಕನ್ನಡ ಪದಗಳ ಅರ್ಥವನ್ನು ಪಟ್ಟಿಮಾಡಿ ಕಂಠಪಾಠ ಮಾಡುವುದು ಕಷ್ಟವಲ್ಲ. ಆದರೆ ಮಾತಿನ ಓಟದಲ್ಲಿ ಹೂವಿಗೆ ‘ಮುಡಿ’ಯೇ ಒದಗಬೇಕು, ‘ಉಡು’ ಬಂದರೆ ಕೇಳಿದವರು ನಗುತ್ತಾರೆ.

ಕಿಟ್ಟೆಲ್ ಅವರು ಪದಗಳನ್ನು ಕೂಡಿಡುವುದಕ್ಕಷ್ಟೇ ತೃಪ್ತರಾಗಲಿಲ್ಲ. ಕನ್ನಡದಲ್ಲಿಯೇ ಬರೆದರು. ಕ್ರಿಸ್ತನ ಜೀವನವನ್ನು ಕುರಿತ ಅವರ ‘ಕಥಾಮಾಲೆ’ ಎಂಬ ಕಾವ್ಯ 1862ರಲ್ಲಿ ಪ್ರಕಟವಾಯಿತು. ಪದ್ಯರಚನೆಯು ಕಠಿಣನಾದ ಗುರುವಿನಂತೆ. ‘ನೀರು’ ಎಂಬುದಕ್ಕೆ ಮೂರು ಮಾತ್ರೆ, ‘ಜಲ’ ಎಂಬುದಕ್ಕೆ ಎರಡು. ಒಂದು ಮಾತ್ರೆ ಹೆಚ್ಚಾದರೂ ಬೇರೊಂದು ಪದವನ್ನು ಅರಸಬೇಕು. ಅದು ಭಾವಕ್ಕೆ ಹೊಂದುತ್ತದೆಯೇ ಎಂದು ತೂಗಿ ನೋಡಬೇಕು. ಹೀಗೆ ಅರಸಿ, ತೂಗಿ, ಬಳಸಿದ ಪದ ಮತ್ತೆ ಮರೆತುಹೋಗುವುದು ವಿರಳ.

ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ, ಅಂದರೆ ಕಾವ್ಯ ಪ್ರಕಟವಾದ 32 ವರ್ಷಗಳ ನಂತರ. ಸುಮಾರು 70,000 ಪದಗಳ ಆ ಗ್ರಂಥದಲ್ಲಿ ಅರ್ಥದ ಜೊತೆಗೆ ಕಾವ್ಯಪ್ರಯೋಗಗಳೂ ಜನರ ಬಾಯಲ್ಲಿದ್ದ ಗಾದೆಗಳೂ ಹೇರಳವಾಗಿವೆ. ಪದವೊಂದು ವಾಕ್ಯದೊಳಗೆ ಹೇಗೆ ಬಾಳುತ್ತದೆ ಎಂಬುದನ್ನು ಅವು ತೋರಿಸುತ್ತವೆ. ಬರಿಯ ಅರ್ಥವನ್ನು ಕೊಡುವ ಕಿರುಕೋಶಗಳು ವಿದ್ಯಾರ್ಥಿಗೆ ಅರ್ಧದಾರಿಯವರೆಗೆ ಮಾತ್ರ ನೆರವಾಗುತ್ತವೆ.

ನಿಖರವಾದ ಮಾತು ಕೇವಲ ಸೊಗಸಿನ ವಿಷಯವಲ್ಲ. ಹುಬ್ಬಳ್ಳಿಯ ಹುಡುಗನೊಬ್ಬ ದೂರದ ಊರಿನಲ್ಲಿ ಕಾಯಿಲೆ ಬಿದ್ದನೆಂದು ಭಾವಿಸೋಣ. ಹೊಟ್ಟೆ ಉರಿಯುತ್ತಿದೆಯೋ, ಕಡಿಯುತ್ತಿದೆಯೋ, ಚುಚ್ಚುತ್ತಿದೆಯೋ ಎಂಬುದನ್ನು ಕನ್ನಡದಲ್ಲಿ ಅವನು ಕ್ಷಣದಲ್ಲಿ ಹೇಳಬಲ್ಲ. ಇಂಗ್ಲಿಷಿನಲ್ಲಿ ‘ಪೇನ್’ ಎಂಬ ಒಂದೇ ಪದ ನಾಲಗೆಗೆ ಬಂದರೆ, ವೈದ್ಯರಿಗೆ ದೊರೆಯಬೇಕಾದ ಸುಳಿವು ಅವನ ಬಾಯಲ್ಲಿಯೇ ಉಳಿಯುತ್ತದೆ.

ಇದಕ್ಕೆ ದೊಡ್ಡ ಸಾಹಸವೇನೂ ಬೇಕಿಲ್ಲ. ಓದಿದ ಪಾಠದಿಂದ ಮೂರು ಪದಗಳನ್ನು ಆರಿಸಿಕೊಂಡು, ಅಂದು ಕಂಡದ್ದನ್ನೇ ಅವುಗಳಿಂದ ವರ್ಣಿಸಿದರಾಯಿತು. ಆಡುಮಾತಿನ ನಮ್ಮ ‘ನೋಡು’ ಎಂಬ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ‘ಸೀ’, ‘ಲುಕ್’, ‘ವಾಚ್’ ಎಂಬ ಪದಗಳಿವೆ. ಉಣಕಲ್ ಕೆರೆಯ ದಡದಲ್ಲಿ ನಿಂತ ಹುಡುಗಿಯ ಕಣ್ಣಿಗೆ ಕೊಕ್ಕರೆಯೊಂದು ತಾನಾಗಿ ಬಿದ್ದರೆ ‘ಸೀ’. ಗೆಳತಿ ಕರೆದಳೆಂದು ಅತ್ತ ದೃಷ್ಟಿ ಹೊರಳಿಸಿದರೆ ‘ಲುಕ್’. ಅದು ಮೀನಿಗಾಗಿ ಹೊಂಚುಹಾಕಿ ನಿಂತದ್ದನ್ನು, ಕೊನೆಗೆ ಹಾರಿಹೋಗುವವರೆಗೆ, ಎವೆಯಿಕ್ಕದೆ ಗಮನಿಸಿದರೆ ‘ವಾಚ್’.