ಚರ್ಚಿಗೆ ಹೊರಡುವ ಮುನ್ನ ಒಮ್ಮೆ ಮಂಡಿಯೂರಿ ನೋಡಿ

ಆಫೀಸಿನ ಗೆಳತಿಯ ಮದುವೆ ಕಾಗದ ಬಂದಿದೆ. ಧಾರೆ ಮುಹೂರ್ತ ಇರಬೇಕಾದ ಜಾಗದಲ್ಲಿ ‘ಬಲಿಪೂಜೆ, ಸಂಜೆ 4ಕ್ಕೆ’ ಎಂದಿದೆ. ಉಡುಗೊರೆಯ ಚಿಂತೆ ಮುಗಿದ ಮೇಲೆ ಮನೆಯಲ್ಲಿ ಏಳುವ ಪ್ರಶ್ನೆ: ಚರ್ಚಿಗೆ ಏನು ಉಟ್ಟುಕೊಂಡು ಹೋಗುವುದು? ತಲೆ ಮುಚ್ಚಿಕೊಳ್ಳಬೇಕೆ? ಕುಂಕುಮ ಇಟ್ಟರೆ ಯಾರಾದರೂ ಏನಾದರೂ ಅಂದುಕೊಂಡಾರೆ?

ಹಬ್ಬದ ದಿನ ದೇವಸ್ಥಾನಕ್ಕೆ ಉಡುವ ಸೀರೆ, ಚೂಡಿದಾರ, ಪಂಚೆ, ಪ್ಯಾಂಟು-ಶರಟು ಎಲ್ಲವೂ ಕಥೋಲಿಕ ಚರ್ಚಿಗೆ ಹೊಂದುತ್ತವೆ. ಕುಂಕುಮಕ್ಕೂ ಅಡ್ಡಿಯಿಲ್ಲ. ಮಲ್ಲಿಗೆ ಮುಡಿದ ಕಥೋಲಿಕ ಹೆಂಗಸರೇ ಪಕ್ಕದ ಬೆಂಚಿನಲ್ಲಿ ಸಿಗುತ್ತಾರೆ. ಧರ್ಮಸಭೆ ಬಟ್ಟೆಯ ಪಟ್ಟಿಯನ್ನೇನೂ ಕೊಟ್ಟಿಲ್ಲ. ಪರಮಪ್ರಸಾದ (ಕಮ್ಯುನಿಯನ್) ಸ್ವೀಕರಿಸುವ ಹೊತ್ತಿನ ಗೌರವ, ಗಾಂಭೀರ್ಯ, ಸಂತೋಷ ಉಡುಪಿನಲ್ಲೂ ಕಾಣಲಿ ಎನ್ನುತ್ತದಷ್ಟೆ.

ಹಾಗಾದರೆ ಎಡವುವುದು ಎಲ್ಲಿ? ಬಟ್ಟೆಯ ಬಗೆಯಲ್ಲಿ ಅಲ್ಲ, ಅದನ್ನು ತೊಟ್ಟು ಮಾಡಬೇಕಾದ ಕೆಲಸದಲ್ಲಿ.

ಏಳು, ಕೂರು, ಮಂಡಿಯೂರು

ದೇವಸ್ಥಾನದಲ್ಲಿ ಕೈಮುಗಿದು, ಪ್ರದಕ್ಷಿಣೆ ಹಾಕಿ ಹೊರಟುಬಿಡಬಹುದು. ಬಲಿಪೂಜೆ, ಅಂದರೆ ಮಾಸ್, ಸುಮಾರು ಒಂದು ಗಂಟೆಯದು. ಶುಭಸಂದೇಶ ಓದುವಾಗ ಎಲ್ಲರೂ ಎದ್ದು ನಿಲ್ಲುತ್ತಾರೆ, ಪ್ರಬೋಧನೆಗೆ ಕೂರುತ್ತಾರೆ, ಗುರುಗಳು ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಮೇಲೆತ್ತುವ ಹೊತ್ತಿಗೆ ಮಂಡಿಯೂರುತ್ತಾರೆ. ಆದ್ದರಿಂದ ಹೊರಡುವ ಮೊದಲು ಮಂಚದ ಪಕ್ಕ ಮಂಡಿಯೂರಿ, ಕೈಜೋಡಿಸಿ, ತುಸು ಮುಂದೆ ಬಾಗಿ ನೋಡಿ. ಗಿಡ್ಡ ಟೀಶರ್ಟು ಬೆನ್ನಿನ ಮೇಲೆ ಸರಿಯುತ್ತದೆಯೇ? ಸೊಂಟದ ಕೆಳಗೆ ನಿಲ್ಲುವ ಜೀನ್ಸ್ ಇನ್ನಷ್ಟು ಕೆಳಗಿಳಿಯುತ್ತದೆಯೇ? ಹಿಂದಿನ ಬೆಂಚಿನವರ ಕಣ್ಣಿಗೆ ಬೀಳುವುದು ಅದೇ. ನಿಂತಾಗ ಮಂಡಿ ಮುಟ್ಟುವ ಸ್ಕರ್ಟು ಕೂತಾಗ ಗೇಣುದ್ದ ಮೇಲೇರುತ್ತದೆ.

ಸೀರೆಗೆ ಬೇರೆಯೇ ಪೇಚು. ನೆರಿಗೆ ಮಂಡಿಯ ಕೆಳಗೆ ಸಿಕ್ಕಿಕೊಂಡು, ಏಳುವಾಗ ಸೊಂಟದಿಂದ ಜಾರುತ್ತದೆ. ರೂಢಿಯಿದ್ದವರನ್ನು ಗಮನಿಸಿ: ಮಂಡಿಯೂರುವ ಮುನ್ನ ಎಡಗೈಯಲ್ಲಿ ನೆರಿಗೆಯನ್ನು ತುಸು ಎತ್ತಿ ಹಿಡಿಯುತ್ತಾರೆ. ಒಳಗಿನಿಂದ ಒಂದು ಪಿನ್ನು ಹಾಕಿಕೊಂಡರೆ ಇನ್ನೂ ವಾಸಿ. ಅತಿಥಿಗಳು ಮಂಡಿಯೂರಲೇಬೇಕೆಂದಿಲ್ಲ, ಸುಮ್ಮನೆ ಕೂತಿದ್ದರೂ ಆದೀತು. ಪರಮಪ್ರಸಾದದ ಸಾಲು ಕಥೋಲಿಕರಿಗೆ ಮಾತ್ರ.

ಭುಜ, ತಲೆ, ಕಾಲು

ತೋಳಿಲ್ಲದ ರವಿಕೆಯಾದರೆ ಸೆರಗನ್ನು ಹೆಗಲ ಮೇಲೆ ಹೊದ್ದುಕೊಂಡರೆ ಸಾಕು. ಬ್ಯಾಗಿನಲ್ಲೊಂದು ದುಪಟ್ಟಾ ಇಟ್ಟುಕೊಳ್ಳುವ ಅಭ್ಯಾಸ ಪ್ರವಾಸಕ್ಕೂ ಒದಗುತ್ತದೆ: ರೋಮಿನ ಸಂತ ಪೇತ್ರರ ಬೆಸಿಲಿಕಾದಲ್ಲಿ ಭುಜ, ಮಂಡಿ ಮುಚ್ಚದವರನ್ನು ಬಾಗಿಲಲ್ಲೇ ತಡೆಯುತ್ತಾರೆ.

ಹೆಂಗಸರು ಚರ್ಚಿನಲ್ಲಿ ತಲೆ ಮುಚ್ಚಿಕೊಳ್ಳಬೇಕೆಂದು 1917ರ ಧರ್ಮಸಭೆಯ ಕಾನೂನು ಹೇಳಿತ್ತು. 1983ರ ಹೊಸ ಕಾನೂನಿನಲ್ಲಿ ಆ ಮಾತಿಲ್ಲ. ಈಗಲೂ ಸೆರಗು ಹೊದೆಯುವ ಅಜ್ಜಿಯರಿದ್ದಾರೆ. ಅದು ಅವರವರ ಭಕ್ತಿ. ಗಂಡಸರು ಮಾತ್ರ ಟೋಪಿ ತೆಗೆಯುವುದು ವಾಡಿಕೆ.

ಚಪ್ಪಲಿಯ ವಿಷಯ ಊರಿಂದೂರಿಗೆ ಬೇರೆ. 1969ರಲ್ಲಿ ಭಾರತದ ಪೂಜಾವಿಧಿಗೆ 12 ಮಾರ್ಪಾಡುಗಳನ್ನು ರೋಮ್ ಒಪ್ಪಿತು. ನೆಲದ ಮೇಲೆ ಕೂರುವುದು, ಪಾದರಕ್ಷೆ ಕಳಚುವುದು ಅವುಗಳಲ್ಲಿ ಸೇರಿವೆ. ಆದರೂ ಪಟ್ಟಣದ ಎಷ್ಟೋ ಚರ್ಚುಗಳಲ್ಲಿ ಬೂಟು ಕಾಲಲ್ಲೇ ಇರುತ್ತದೆ. ಬಾಗಿಲ ಬಳಿ ಚಪ್ಪಲಿಗಳ ರಾಶಿ ಕಂಡರೆ ನಿಮ್ಮವನ್ನೂ ಅಲ್ಲೇ ಬಿಡಿ. ಟಕಟಕ ಸದ್ದು ಮಾಡುವ ಹಿಮ್ಮಡಿ ಬೇಡ. ಎತ್ತರದ ಚಾವಣಿಯ ಕೆಳಗೆ ಆ ಸದ್ದು ದುಪ್ಪಟ್ಟಾಗುತ್ತದೆ.

ಬಣ್ಣ

ತಪಸ್ಸು ಕಾಲದಲ್ಲಿ (ಲೆಂಟ್) ನೇರಳೆ, ಪಾಸ್ಖ (ಈಸ್ಟರ್) ಮತ್ತು ಕ್ರಿಸ್‌ಮಸ್ಸಿಗೆ ಬಿಳಿ, ಶುಭ ಶುಕ್ರವಾರಕ್ಕೆ ಕೆಂಪು, ಸಾಧಾರಣ ದಿನಗಳಿಗೆ ಹಸಿರು. ಇದು ಗುರುಗಳ ಪೂಜಾವಸ್ತ್ರದ ಲೆಕ್ಕ, ಭಕ್ತರಿಗೆ ಕಟ್ಟುಪಾಡಿಲ್ಲ. ಆದರೂ ಭಕ್ತರು ತಮ್ಮದೇ ಬಣ್ಣ ಕಟ್ಟಿಕೊಳ್ಳುವುದುಂಟು. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬದ ದಿನಗಳಲ್ಲಿ ಕಾವಿ ಸೀರೆ ಉಟ್ಟವರ ಸಾಲನ್ನೇ ಕಾಣಬಹುದು. ಶವಸಂಸ್ಕಾರಕ್ಕಾದರೆ ಬಿಳಿ, ಕಪ್ಪು ಅಥವಾ ಯಾವುದೇ ತಿಳಿಬಣ್ಣ; ಜರಿಯ ಮಿಂಚು ಬೇಡ.

ಮದುವೆಯಲ್ಲಿ ಅಪ್ಪಟ ಬಿಳಿಯನ್ನು ಮದುಮಗಳಿಗೆ ಬಿಟ್ಟುಕೊಡಿ. ಅವಳೂ ಅದರಲ್ಲೇ ಇರುವುದಿಲ್ಲ. ಮಂಗಳೂರಿನ ಕಡೆಯ ಮದುವೆಯಾದರೆ ಚರ್ಚಿನ ಬಿಳಿ ಉಡುಪು ಕಳಚಿ, ಹಾಲ್‌ನಲ್ಲಿ ‘ಸಾಡೊ’ ಎನ್ನುವ ಕೆಂಪು ಸೀರೆ ಉಡುತ್ತಾಳೆ. ಬೆನ್ನು ಬಿಟ್ಟ ರವಿಕೆಯನ್ನು ಆಸೆಪಟ್ಟು ಹೊಲಿಸಿದ್ದರೆ ನೀವೂ ಆ ಹೊತ್ತಿಗೇ ಹೆಗಲ ಸೆರಗು ಸರಿಸಿ. ಅಲ್ಲಿ ಯಾರೂ ಮಂಡಿಯೂರಬೇಕಿಲ್ಲ.