ಹೊಲಕ್ಕೆ ಕೊಟ್ಟಿಗೆ ಗೊಬ್ಬರ, ಕರುಳಿಗೆ ನಾರು

ಕೊಟ್ಟಿಗೆ ಗೊಬ್ಬರ ಹಾಕಿದರೆ ಮಣ್ಣಿನ ಜೀವಾಣುಗಳು ಬದುಕುತ್ತವೆ ಅನ್ನೋದು ನಮಗೆಲ್ಲ ಗೊತ್ತು. ನಮ್ಮ ಹೊಟ್ಟೆಯೊಳಗೂ ಅಂಥದ್ದೇ ಒಂದು ಹೊಲ ಇದೆ. 2016ರಲ್ಲಿ ವಿಜ್ಞಾನಿಗಳು ಹಾಕಿದ ಲೆಕ್ಕದಂತೆ ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ. ಹೆಚ್ಚಿನವು ದೊಡ್ಡ ಕರುಳಿನಲ್ಲೇ.

ಅವುಗಳ ಊಟ ಏನು? ನಮಗೆ ಜೀರ್ಣವಾಗದ ನಾರು. ಅದನ್ನು ಹುಳಿಯಿಸಿ ಅವು ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರಕ್ಕೆ ಮುಖ್ಯ ಆಹಾರ ಇದೇ. ನಾರು ಸಿಗದಿದ್ದರೆ? ಇಲಿಗಳ ಮೇಲೆ ಪ್ರಯೋಗ ಮಾಡಿದಾಗ, ಕರುಳನ್ನು ಕಾಯುವ ಲೋಳೆಯನ್ನೇ ಅವು ತಿನ್ನತೊಡಗಿದವು.

ಹೊಸಹೊಳಲು ಕಡೆಯ ನಮಗೆ ಮುದ್ದೆ, ಬಸ್ಸಾರು ಹೊಸದಲ್ಲ. ಆದರೆ ರಾಗಿ ಮಾರಿ ಬಿಳಿ ಅಕ್ಕಿ ತರುವ ಮುಂಚೆ ಈ ಲೆಕ್ಕ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ. ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ.

ಏನು ಮಾಡಬೇಕು?

• ರಾಗಿ ಹಿಟ್ಟನ್ನು ಜರಡಿ ಹಿಡಿದು ಹೊಟ್ಟು ಎಸೆಯಬೇಡಿ. ಮುದ್ದೆ ಜೊತೆ ಹುರುಳಿ, ಅವರೆ, ಸೊಪ್ಪು ಇರಲಿ.

• ಒಂದೇ ಸಲ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತೆ. ನಿಧಾನಕ್ಕೆ ಹೆಚ್ಚಿಸಿ, ನೀರು ಚೆನ್ನಾಗಿ ಕುಡಿಯಿರಿ.

• ನೆಗಡಿಗೆಲ್ಲ ಆ್ಯಂಟಿಬಯಾಟಿಕ್ ನುಂಗಬೇಡಿ. ನೆಗಡಿ ಹೋಗಲ್ಲ, ಒಳ್ಳೆ ಬ್ಯಾಕ್ಟೀರಿಯಾ ಸಾಯುತ್ತವೆ. ಡಾಕ್ಟರ್ ಬರೆದುಕೊಟ್ಟರೆ ಮಾತ್ರ, ಅವರು ಹೇಳಿದಷ್ಟು ದಿನ ತಗೊಳ್ಳಿ.

• ಕೆಚ್ಚಲುಬಾವು ಬಂದ ಹಸುವಿಗೆ ಆ್ಯಂಟಿಬಯಾಟಿಕ್ ಕೊಡಿಸಿದ್ದರೆ, ಪಶುವೈದ್ಯರು ಹೇಳಿದಷ್ಟು ದಿನ ಹಾಲನ್ನು ಡೈರಿಗೂ ಹಾಕಬೇಡಿ, ಮನೆಗೂ ಬಳಸಬೇಡಿ.

ಮಲದಲ್ಲಿ ರಕ್ತ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಮುದ್ದೆ ನಂಬಿ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಉಳಿದಂತೆ, ಈ ಸಲ ಕುಯ್ಲಾದ ಮೇಲೆ ವರ್ಷದ ಊಟಕ್ಕಾಗುವಷ್ಟು ರಾಗಿ ಮೊದಲು ಎತ್ತಿಡಿ. ಮಿಕ್ಕಿದ್ದನ್ನು ಮಾರಿ.